ಹೊಟ್ಟೆ ತಲುಪದ ಊಟ

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಮಂಡ್ಯ ಸೀಮೆಯವನಾದ ನನಗೆ ಅರವತ್ತು ದಾಟುವ ತನಕ ಅದೊಂದು ಕೆಲಸವೆನಿಸಿರಲಿಲ್ಲ. ಆಮೇಲೆ ಸಾರಿನಲ್ಲಿ ಅದ್ದಿದ ತುತ್ತು ಗಂಟಲಲ್ಲೇ ನಿಲ್ಲತೊಡಗಿತು. ಬರಬರುತ್ತಾ ಅನ್ನವೂ ಇಳಿಯಲಿಲ್ಲ. ರಾತ್ರಿ ಮಲಗಿದರೆ ಸಂಜೆ ತಿಂದದ್ದು ಹಾಗೆಯೇ ಬಾಯಿಗೆ ಬರುತ್ತಿತ್ತು. ಕೆಮ್ಮು ಹತ್ತಿ ಉಸಿರು ಕಟ್ಟುತ್ತಿತ್ತು. “ರೀ, ಎದ್ದು ಕೂತ್ಕಳಿ” ಎಂದು ಹೆಂಡತಿ ಬೆನ್ನು ನೀವುತ್ತಿದ್ದಳು.

ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ವಯಸ್ಸಾಯಿತು, ನಿಧಾನವಾಗಿ ತಿನ್ನಿ ಎಂದರು. ಸಂಕಟಕ್ಕಿಂತ ಸಂಕೋಚವೇ ದೊಡ್ಡದಾಯಿತು. ಮದುವೆ ಪಂಕ್ತಿಯಲ್ಲಿ ಎಲ್ಲರೂ ಮಜ್ಜಿಗೆ ಅನ್ನಕ್ಕೆ ಬಂದಾಗ ನಾನು ಮೊದಲ ತುತ್ತುಗಳಲ್ಲೇ ಇರುತ್ತಿದ್ದೆ. “ಯಾಕೆ ಯಜಮಾನ್ರೇ, ಊಟ ಸೇರಲಿಲ್ವಾ?” ಎಂದು ಬಡಿಸುವವರು ಕೇಳುವರು. ಕರೆದ ಮನೆಗಳಿಗೆ ಹೋಗುವುದನ್ನೇ ಬಿಟ್ಟೆ. ಮೈ ಇಳಿದು ಅಂಗಿಗಳೆಲ್ಲ ಸಡಿಲವಾದವು.

ಕೊನೆಗೆ ಬೆಂಗಳೂರಿನಲ್ಲಿ ಗಂಟಲಿನ ವೈದ್ಯೆಯೊಬ್ಬರು ಕೇಳಿದರು: “ಬಾಯಿಗೆ ಬರೋ ಅನ್ನ ಹುಳಿಯಾಗಿರುತ್ತಾ ಸರ್?”

“ಇಲ್ಲ ಮೇಡಂ.”

“ಹಾಗಾದ್ರೆ ಅದು ಹೊಟ್ಟೆಗೆ ಹೋಗೇ ಇಲ್ಲ.”

ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಅನ್ನನಾಳದ ಬಾಯಲ್ಲಿ ಕ್ರೈಕೋಫ್ಯಾರಿಂಜಿಯಸ್ ಎಂಬ ಸ್ನಾಯು ಇದೆ. ಅದು ಸದಾ ಬಿಗಿದಿದ್ದು, ನುಂಗುವ ಕ್ಷಣದಲ್ಲಿ ಮಾತ್ರ ಸಡಿಲಬೇಕು. ನನ್ನದು ಸರಿಯಾಗಿ ಸಡಿಲುತ್ತಿರಲಿಲ್ಲ. ಒತ್ತಡಕ್ಕೆ ಅದರ ಮೇಲಿನ ದುರ್ಬಲ ಜಾಗ ಹಿಂದಕ್ಕೆ ಉಬ್ಬಿ ಚೀಲವಾಗಿತ್ತು. ತಿಂದದ್ದು ಅಲ್ಲಿ ಕೂರುತ್ತಿತ್ತು. 1877ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಜೆಂಕರ್ ಅವರ ಹೆಸರೇ ಈ ಚೀಲಕ್ಕಿದೆ.

ಕತ್ತನ್ನು ಹೊರಗಿನಿಂದ ಕೊಯ್ಯುವುದು ಹಳೆಯ ದಾರಿ. ನನಗೆ ಬಾಯಿಯ ಮೂಲಕವೇ ಮಾಡಿದರು. ಪೂರ್ತಿ ಅರಿವಳಿಕೆ ಕೊಟ್ಟು, ಗಂಟಲಿಗೆ ಲೋಹದ ನಳಿಕೆ ಇಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯನ್ನು ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಸೀಳುತ್ತಾರೆ. ಬಿಗಿದ ಸ್ನಾಯು ಇರುವುದು ಆ ಗೋಡೆಯಲ್ಲೇ. ಅದನ್ನು ಕಡಿದರೆ ದಾರಿ ತೆರೆಯುತ್ತದೆ, ಚೀಲವೂ ನಾಳದಲ್ಲಿ ಒಂದಾಗುತ್ತದೆ.

ಅಪಾಯವನ್ನೂ ಮುಚ್ಚಿಡಲಿಲ್ಲ. ಸೀಳು ಆಳಕ್ಕೆ ಹೋದರೆ ಎಂಜಲು ಎದೆಯೊಳಗೆ ಸೋರಿ ಸೋಂಕಾಗಬಹುದು, ಜೀವಕ್ಕೇ ಕುತ್ತಾಗಬಹುದು ಎಂದರು. ಸಹಿ ಹಾಕುವಾಗ ಕೈ ನಡುಗಿತು. ಎಚ್ಚರವಾದಾಗ ಗಂಟಲು ಉರಿ, ಮೂಗಿನಲ್ಲಿ ನಳಿಕೆ. ನರ್ಸ್ ಬಂದು ಬಂದು ಜ್ವರ ನೋಡುವರು, ಕತ್ತು ಊದಿದೆಯೇ ಎಂದು ಒತ್ತಿ ನೋಡುವರು. ಎಂಜಲು ನುಂಗಲೂ ಭಯ. ಎದೆಯಲ್ಲಿ ಸಣ್ಣದೊಂದು ನೋವಾದರೂ ಸೋರಿತೇನೋ ಎಂದು ಬೆವರುತ್ತಿದ್ದೆ. ಸೋರಿಲ್ಲವೆಂದು ಖಚಿತವಾದ ಮೇಲೆ ಒಂದು ಚಮಚ ನೀರು ಕೊಟ್ಟರು. ಅದು ತಡೆಯಿಲ್ಲದೆ ಇಳಿದಾಗ ಅತ್ತುಬಿಟ್ಟೆ. ಆಮೇಲೆ ಗಂಜಿ, ಮೆತ್ತನೆ ಅನ್ನ.

ತೊಂದರೆ ಮರುಕಳಿಸಬಹುದೆಂದು ಹೇಳಿದ್ದಾರೆ, ತಪಾಸಣೆ ತಪ್ಪಿಸುವುದಿಲ್ಲ. ನನ್ನ ಹಾಗೆ ಪಂಕ್ತಿಯಿಂದ ದೂರ ಸರಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ತುತ್ತು ಎಲ್ಲಿ ನಿಲ್ಲುತ್ತದೆ, ಹಿಂದಕ್ಕೆ ಬಂದದ್ದು ಹುಳಿಯಾಗಿರುತ್ತದೆಯೇ ಎಂದು ಕೇಳಿ. ಉತ್ತರವನ್ನು ಗಂಟಲಿನ ವೈದ್ಯರಿಗೆ ಹೇಳಿ. ನುಂಗಲಾಗದಿರುವುದಕ್ಕೆ ಕಾರಣ ಹಲವಿರಬಹುದು, ಗಡ್ಡೆಯೂ ಇರಬಹುದು. ವಯಸ್ಸೆಂದು ಸುಮ್ಮನಿರುವುದು ಮಾತ್ರ ಬೇಡ.