ಮಾತಂಗಿಯ ಮೊಣಕಾಲು

ಮುಗಿದ ಚಿತ್ರದ ಮುಂದೆ ಜನ ಕೈಕಟ್ಟಿ ನಿಲ್ಲುತ್ತಾರೆ. ಅರ್ಧ ಆದ ಚಿತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ನನಗೆ ಬೇಕಾದವರು ಎರಡನೆಯವರು. ಚೌಕಟ್ಟು ಹಾಕಿಸಿ ಗೋಡೆಗೇರಿಸಿದ ಮೇಲೆ "ಭಾಳ ಛಂದ ಬಂದೈತಿ" ಅನ್ನುವುದೊಂದೇ ಮಾತು, ಆಮೇಲೆ ಚಹಾ. ಬಣ್ಣ ಹಸಿ ಇದ್ದಾಗ ಹಾಗಲ್ಲ. ಹಾಲು ಕೊಡಲು ಬಂದಾಕೆ ತಂಬಿಗೆ ಕೆಳಗಿಟ್ಟು ನೋಡುತ್ತಾಳೆ, ಮೀಟರ್ ನೋಡಲು ಬಂದವನು ಮೀಟರ್ ಮರೆಯುತ್ತಾನೆ, ಯಾವತ್ತೂ ಕುಂಚ ಹಿಡಿಯದವರಿಗೂ ಹೇಳಲು ಏನೋ ಒಂದು ಇದ್ದೇ ಇರುತ್ತದೆ. ಕೆಲಸ ಇನ್ನೂ ನಡೆದಿದೆ, ತಮ್ಮ ಮಾತಿಗೆ ಜಾಗ ಇದೆ ಅಂತ ಕಣ್ಣಿಗೆ ಕಂಡರೆ ಜನ ಸಂಕೋಚ ಬಿಡುತ್ತಾರೆ.

ಅಳವಂಡಿಯ ನಮ್ಮ ಮನೆಯಲ್ಲಿ ಚಿತ್ರವನ್ನು ನಾನು ಒಳಕೋಣೆಯಲ್ಲಿ ಇಡುವುದಿಲ್ಲ. ಪಡಸಾಲೆಯಲ್ಲೇ, ತಲಬಾಗಿಲಿಗೆ ಎದುರಾಗಿ ನಿಲ್ಲಿಸಿ ಬರೆಯುತ್ತೇನೆ. ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತದೆ ನಿಜ. ಆದರೆ ಬಾಗಿಲಿಂದ ಬೆಳಕಿನ ಜೊತೆ ಮಾತೂ ಒಳಗೆ ಬರುತ್ತದಲ್ಲ, ಅದಕ್ಕಾಗಿ.

ಈಗ ಬರೆಯುತ್ತಿರುವುದು ಮಾತಂಗಿಯನ್ನು. ಕುಮಾರರಾಮನ ತಲೆ ತೆಗೆದ ಮಾತಂಗಿ.

ಕುಮಾರರಾಮನ ಹೆಸರು ಕೇಳದ ಊರು ನಮ್ಮ ಕೊಪ್ಪಳ ಸೀಮೆಯಲ್ಲಿ ಸಿಗುವುದು ಕಷ್ಟ. ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಹತ್ತಿರ ಬಂಡೆಗಳ ನಡುವೆ ಕುಮ್ಮಟದುರ್ಗ ಇವತ್ತಿಗೂ ಇದೆ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ರಾಮನ ತಂದೆ ಕಂಪಿಲರಾಯನಲ್ಲಿ ಆಶ್ರಯ ಬೇಡಿದ, ರಾಯ ಕೊಟ್ಟ, ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ 1327ರ ಹೊತ್ತಿಗೆ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಇಷ್ಟು ಇತಿಹಾಸ. ಇಬ್ನ್ ಬತೂತ ಕೂಡ ಆ ಅರಸನ ಕೊನೆಯನ್ನು ಬರೆದಿಟ್ಟಿದ್ದಾನೆ. ಮಾತಂಗಿ ಆ ಬರಹದಲ್ಲಿ ಇಲ್ಲ. ಆಕೆ ಹುಟ್ಟಿದ್ದು ಕಥೆಯಲ್ಲಿ, ಬೆಳೆದದ್ದು ಕಾವ್ಯದಲ್ಲಿ. ನಂಜುಂಡ ಕವಿ, ಪಾಂಚಾಳ ಗಂಗ ಮೊದಲಾದವರು ರಾಮನ ಕಥೆಯನ್ನು ಸಾಂಗತ್ಯದಲ್ಲಿ ಹೇಳಿದರು, ಬಯಲಾಟದವರು ಅದನ್ನು ಅಟ್ಟದ ಮೇಲೆ ಕುಣಿದರು. ಎಷ್ಟು ದಂಡು ಬಂದರೂ ಬಗ್ಗದ ರಾಮನ ಮೇಲೆ ಸುಲ್ತಾನ ಕಡೆಗೆ ಒಬ್ಬ ಹೆಂಗಸನ್ನು ಕಳಿಸುತ್ತಾನೆ. ಪರನಾರಿ ಸಹೋದರ ಅನ್ನಿಸಿಕೊಂಡ ರಾಮ ಹೆಣ್ಣಿನ ಮೇಲೆ ಕೈ ಎತ್ತಲಾರ. ಅಲ್ಲಿಗೆ ಕಥೆ ಮುಗಿಯುತ್ತದೆ. ರಾಮನಿಗೆ ನಮ್ಮಲ್ಲಿ ಜಾತ್ರೆ ಇದೆ, ಹಾಡು ಇದೆ. ಅವನೆದುರು ನಿಂತ ಆ ಹೆಂಗಸಿಗೆ ಒಂದು ಮುಖವಾದರೂ ಬೇಡವೇ ಅನ್ನಿಸಿ ಬೋರ್ಡು ತಂದೆ.

ಕಲ್ಪನೆಯ ವೀರವನಿತೆಯನ್ನು ಬರೆಯುವವರಿಗೆ ಇವತ್ತು ಮಾದರಿಗಳಿಗೇನೂ ಬರವಿಲ್ಲ. ಮೊಬೈಲ್ ಆಟಗಳಲ್ಲಿ, ಪೋಸ್ಟರುಗಳಲ್ಲಿ, ಪುಸ್ತಕದ ರಕ್ಷಾಪುಟಗಳಲ್ಲಿ ಕತ್ತಿ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದಾರೆ. ಹಿಡಿಯಷ್ಟು ಸೊಂಟ, ಎದೆಗೆ ಮಾತ್ರ ಲೋಹ, ಬಾಣ ಬಂದು ನಾಟಬೇಕಾದ ಹೊಟ್ಟೆ ಬಯಲು. ಆ ಚಿತ್ರಗಾರರ ಕೈಚಳಕ ದೊಡ್ಡದು, ಅವರಿಂದ ಬೆಳಕು ನೆರಳು ಕಲಿತಿದ್ದೇನೆ. ಆದರೆ ಆ ಹೆಂಗಸರಲ್ಲಿ ಯಾರೊಬ್ಬರೂ ಒಂದು ಕೊಡ ನೀರು ಹೊತ್ತ ಹಾಗೆ ನನಗೆ ಕಾಣುವುದಿಲ್ಲ. ನಮ್ಮ ಪಕ್ಕದ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳಲ್ಲಿ ಬಿಲ್ಲು ಹಿಡಿದು ಬೇಟೆಯಾಡುವ ಹೆಂಗಸರಿದ್ದಾರೆ. ಗೇಣುದ್ದದ ಆ ಆಕೃತಿಗಳಲ್ಲಿ ತೊಡೆ ತೊಡೆಯ ಹಾಗಿದೆ, ಹೆಜ್ಜೆ ಅಗಲವಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯಲ್ಲಿ ಕತ್ತಿ ಗುರಾಣಿ ಹಿಡಿಯುವ ಹೆಂಗಸರಿದ್ದರು, ಕುಸ್ತಿ ಹಿಡಿಯುವ ಹೆಂಗಸರಿದ್ದರು ಎಂದು ಬರೆದಿದ್ದಾನೆ. ಅಂಥ ಮೈ ಬೇಕಿತ್ತು ನನಗೆ. ಅದಕ್ಕೆ ಹಂಪಿವರೆಗೂ ಹೋಗಬೇಕಿಲ್ಲ, ಊರಾಚೆ ಎರೆಹೊಲಕ್ಕೆ ಹೋದರೆ ಸಾಕು.

ಹಿಂಗಾರಿ ಜೋಳ ಕೀಳುವ ಕಾಲದಲ್ಲಿ ನೋಡಬೇಕು. ಎರೆ ಒಣಗಿ ಬಿರುಕು ಬಿಟ್ಟಿರುತ್ತದೆ. ಹೆಂಗಸು ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸುತ್ತಿ, ದಂಟಿನ ಬುಡ ಎರಡೂ ಕೈಯಲ್ಲಿ ಹಿಡಿದು, ಮೊದಲು ಹಿಮ್ಮಡಿ ನೆಲಕ್ಕೆ ಊರುತ್ತಾಳೆ. ಎಳೆಯುವುದು ಆಮೇಲೆ. ಶಕ್ತಿ ಹಿಮ್ಮಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಬೆನ್ನಿಗೆ, ಭುಜಕ್ಕೆ ಏರಿ ಕಡೆಗೆ ಕೈಗೆ ಬರುತ್ತದೆ. ದಂಟು ಬೇರುಸಮೇತ ಬರುವ ಹೊತ್ತಿಗೆ ಆಕೆಯ ಕಣ್ಣು ಮುಂದಿನ ದಂಟಿನ ಮೇಲಿರುತ್ತದೆ. ಬದುವಿನ ಮೇಲೆ ಕೂತು ಇದ್ದಿಲಿನಲ್ಲಿ ಗೀಚಿಕೊಂಡು ಬಂದ ಆ ಬೆನ್ನುಗಳೇ ನನ್ನ ಮಾತಂಗಿಯ ಮೊದಲ ಬೆನ್ನು.

ಬೋರ್ಡಿನ ಮೇಲೆ ಮೈ ಮೂಡಿ, ಕತ್ತಿಯ ಗುರುತು ಬಿದ್ದು, ಮುಖ ಇನ್ನೂ ಬರೀ ಮೊಟ್ಟೆಯಾಕಾರ ಇದ್ದಾಗ ಓಣಿಯ ಒಬ್ಬಾಕೆ ಬಂದಳು. ದಿನಾ ಕೂಲಿಗೆ ಹೋಗುವಾಕೆ. ಬುತ್ತಿಗಂಟು ಬಗಲಲ್ಲಿತ್ತು. ಬಹಳ ಹೊತ್ತು ನೋಡಿ, "ಯಕ್ಕಾ, ಈಕಿ ಬೀಳ್ತಾಳ" ಅಂದಳು.

"ಯಾಕವ್ವಾ?"

"ಮೊಣಕಾಲು ಸೆಟಿಸ್ಯಾಳ. ಸೆಟಿಸಿದ ಕಾಲಿಗೆ ಬಲ ಇರೂದಿಲ್ಲ. ಯಾರರ ಬಂದು ನೂಕಿದ್ರ ಅಂಗಾತ ಬೀಳ್ತಾಳ ನೋಡು." ಹೇಳಿ ಸುಮ್ಮನಾಗಲಿಲ್ಲ. ಬುತ್ತಿ ಕಟ್ಟೆಯ ಮೇಲಿಟ್ಟು ಪಡಸಾಲೆಯಲ್ಲಿ ನಿಂತು ತೋರಿಸಿದಳು. ಮುಂದಿನ ಮೊಣಕಾಲು ತುಸು ಬಾಗಿ, ಹಿಂದಿನ ಹಿಮ್ಮಡಿ ಹೊರಗೆ ತಿರುಗಿ, ತಲೆಯ ಮೇಲೆ ಇಲ್ಲದ ಹೊರೆಯ ಭಾರ ಸೊಂಟದಲ್ಲಿ ಕುಳಿತು. ನಾನು ಗೀಚುತ್ತಲೇ ಇದ್ದೆ, ಆಕೆ ನಿಂತೇ ಇದ್ದಳು. ಮೊಣಕಾಲು ಬಾಗಿದ ಕೂಡಲೇ ಚಿತ್ರದ ಸೀರೆಯ ನೆರಿಗೆಗಳೆಲ್ಲ ದಿಕ್ಕು ಬದಲಿಸಿದವು, ಭುಜ ಒಂದಿಷ್ಟು ಕೆಳಗಿಳಿಯಿತು, ಕತ್ತಿ ಎತ್ತಿದ ಕೈಗೆ ಅರ್ಥ ಬಂತು. ಒಂದು ಕೀಲಿನಿಂದ ಇಡೀ ಹೆಂಗಸು ಎದ್ದು ನಿಂತ ಹಾಗಾಯಿತು. ಕಲಾಶಾಲೆಯ ಅಂಗರಚನೆಯ ಪಾಠದಲ್ಲಿ ಎಲುಬಿನ ಹೆಸರು ಕಲಿಸುತ್ತಾರೆ. ನೂಕಿದರೆ ಬೀಳುವ ಕಾಲು ಯಾವುದು ಎಂದು ಹೇಳಲು ಹೊರೆ ಹೊತ್ತವರೇ ಬೇಕು.

ಕತ್ತಿಯ ವಿಷಯಕ್ಕೆ ಕಂಬಾರಣ್ಣ ಬಂದ. ಕುಡಗೋಲು, ಕುರುಪಿ, ಕೊಡಲಿ ಬಡಿಯುವವನು, ಯುದ್ಧದ ಕತ್ತಿ ಮಾಡಿದವನಲ್ಲ. ಆದರೂ ಕಬ್ಬಿಣದ ತೂಕ ಅವನ ಕೈಗೆ ಗೊತ್ತು. "ಇಷ್ಟುದ್ದ ಅಲಗಿಗೆ ಇಷ್ಟ ಹಿಡಿಕಿ ಸಾಲೂದಿಲ್ರೀ. ಬೀಸಿದ್ರ ಕೈಯಾಗ ಹೊರಳತೈತಿ" ಅಂದ. ಅಲಗು ಗೇಣು ಗಿಡ್ಡವಾಯಿತು, ಹಿಡಿಕೆ ದಪ್ಪವಾಯಿತು. ಬೆರಳು ಹಿಡಿಕೆಯನ್ನು ಸುತ್ತುವ ಬಗೆಯನ್ನೂ ಅವನೇ ತಿದ್ದಿದ: ಹೆಬ್ಬೆರಳು ಮೇಲೆ ಚಾಚಬಾರದು, ಉಳಿದ ಬೆರಳುಗಳ ಮೇಲೆ ಮಡಚಿಕೊಳ್ಳಬೇಕು.

ಎಲ್ಲ ಮಾತನ್ನೂ ಒಪ್ಪಿಕೊಂಡೆ ಅಂತಲ್ಲ. "ಇಷ್ಟು ಕರ್ರಗ ಯಾಕ? ಒಂಚೂರು ಬಣ್ಣ ಏರಿಸು" ಎಂದವರು ಬಹಳ ಮಂದಿ. ಕ್ಯಾಲೆಂಡರಿನ ದೇವಿಯರ ಗುಲಾಬಿ ಕೆನ್ನೆ ನಮ್ಮ ಕಣ್ಣಿನಲ್ಲಿ ಎಷ್ಟು ಆಳವಾಗಿ ಇಳಿದಿದೆ! ಹೇಳುವವರ ಮೈಬಣ್ಣವೂ ನನ್ನ ಮಾತಂಗಿಯ ಬಣ್ಣವೂ ಒಂದೇ. ಬಿಸಿಲಲ್ಲಿ ದಂಡಿನ ಜೊತೆ ದಿಲ್ಲಿಯಿಂದ ತುಂಗಭದ್ರೆಯವರೆಗೆ ಬಂದ ಹೆಂಗಸನ್ನು ನಾನು ಬೆಳ್ಳಗೆ ಮಾಡಲಾರೆ. ಹಣೆಯ ಬೆವರಿನ ಮೇಲೆ, ಮೂಗಿನ ಏಣಿನ ಮೇಲೆ ಬೆಳಕು ತುಂಬಿದೆ. ಬಣ್ಣ ಏರಿಸಿಲ್ಲ.

ನಮ್ಮ ಅಣ್ಣನ ಮಗ ಕೊಪ್ಪಳದಲ್ಲಿ ಕಾಲೇಜು ಓದುತ್ತಾನೆ, ಮೊಬೈಲ್ ಆಟಗಳೆಂದರೆ ಪ್ರಾಣ. ಅವನು ಕೂದಲು ಗಾಳಿಗೆ ಹಾರಲಿ, ಕತ್ತಿಯಿಂದ ಕಿಡಿ ಬರಲಿ ಎಂದೆಲ್ಲ ಕೇಳಿದ. ಕೂದಲು ಹಾರಿದರೆ ಕಣ್ಣಿಗೆ ಬಂದು ಹೊಡೆಯುತ್ತದೆ, ಬಿಗಿದು ಕಟ್ಟಿದ ತುರುಬೇ ಇರಲಿ ಎಂದೆ. ಆದರೆ ಅದೇ ಹುಡುಗ ಇನ್ನೊಂದು ಮಾತು ಹೇಳಿದ: "ಅತ್ತಿ, ಮುಖದ ಮ್ಯಾಲಿನ ಬೆಳಕು ಎಡಕ್ಕಿಂದ ಬರಾಕತ್ತೈತಿ, ಗುರಾಣಿ ಹೊಳಪು ಬಲಕ್ಕಿಂದ." ಪರದೆಯ ಮೇಲೆ ಅಷ್ಟೊಂದು ಯೋಧರನ್ನು ನೋಡಿದ ಕಣ್ಣು ಸುಮ್ಮನೆ ಹೋಗುವುದಿಲ್ಲ. ಗುರಾಣಿಯ ಹೊಳಪನ್ನು ಆಚೆ ಬದಿಗೆ ಸರಿಸಿದೆ. ಕುಮ್ಮಟದ ಬಂಡೆಗಳ ಮೇಲೂ ಅದೇ ಇಳಿಬಿಸಿಲು ಬಿತ್ತು, ಚಿತ್ರಕ್ಕೆ ಒಂದು ಹೊತ್ತು ಸಿಕ್ಕಿತು.

ಒಡವೆಯ ಪ್ರಶ್ನೆ ಹೊತ್ತುಕೊಂಡು ಕಿನ್ನಾಳಕ್ಕೆ ಹೋದೆ. ಹಿರೇಹಳ್ಳದ ಆಣೆಕಟ್ಟಿನ ಹತ್ತಿರದ ಈ ಊರಿನ ಚಿತ್ರಗಾರರ ಹೆಸರು ನಾಡಿಗೇ ಗೊತ್ತು. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಪುಡಿ ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ. ಸಂದು ಗೊಂದು ಮುಚ್ಚಿ ಮೈ ತುಂಬಿಸುವುದು ಅದೇ. ಮೇಲೆ ಬಟ್ಟೆ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳು ಮಾತ್ರ ಬರೆದವಲ್ಲ. ಕಲ್ಲುಪುಡಿಯ ಸರಿಯನ್ನು ಎಳೆ ಎಳೆಯಾಗಿ ಬಿಟ್ಟು ಉಬ್ಬಿಸಿದವು. ಮೇಲೆ ಲಜವಾರ ಎಂಬ ಹೊಳಪು ಬಿದ್ದರೆ ಬಂಗಾರದಂತೆ ಹೊಳೆಯುತ್ತವೆ. ನಾನು ಹೋದಾಗ ಹಿರಿಯರೊಬ್ಬರು ದೇವಿಯೊಬ್ಬಳ ಭುಜಕ್ಕೆ ಹೆಬ್ಬೆರಳಿನಿಂದ ಕಿಟ್ಟ ಒತ್ತುತ್ತಿದ್ದರು. ಒತ್ತುವುದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಅದೇ ಜಾಗದಲ್ಲಿ ಒಂದು ಚೂರು ತೆಗೆಯುವುದು. ನನ್ನ ಚಿತ್ರದ ಫೋಟೋ ನೋಡಿದವರೇ, "ಒಡವಿ ಲಗೂನ ಹಾಕೀರಿ ನೋಡ್ರಿ. ಮೈ ಮುಗೀಲಿ. ಒಡವಿ ಭಾರಕ್ಕ ಮೈ ಹೆಂಗ ಕುಂದ್ರತೈತಿ ಅನ್ನೂದು ಆವಾಗ ತಿಳೀತೈತಿ" ಅಂದರು. ತೋಳಬಂದಿಯ ಕೆಳಗೆ ಮಾಂಸ ತುಸು ಒತ್ತಬೇಕು, ಸರ ಕೊರಳಿನ ಓರೆಗೆ ಜಾರಬೇಕು. ಕಣ್ಣು ಯಾವಾಗ ಬರೆಯಲಿ ಎಂದು ಕೇಳಿದ್ದಕ್ಕೆ ತಲೆ ಎತ್ತದೆ, "ಕಡೀಕ" ಅಂದರು.

ದೇವಿಯ ಕಣ್ಣಿನ ಕ್ರಮ ನನಗೂ ಗೊತ್ತು. ದ್ಯಾಮವ್ವನಿಗೆ ಹೊಸ ಬಣ್ಣ ಆಗುವಾಗ ಪರದೆ ಬೀಳುತ್ತದೆ. ಎಲ್ಲ ಮುಗಿದು ಕಣ್ಣು ಬರೆದಾದ ಮೇಲೆಯೇ ಊರು ಆಕೆಯ ಮುಖ ನೋಡುವುದು. ಅದು ದೇವಿಗೆ ಸಲ್ಲಬೇಕಾದ ಮರ್ಯಾದೆ, ಅಲ್ಲಿ ನಮ್ಮ ನಿಮ್ಮ ಅಭಿಪ್ರಾಯಕ್ಕೆ ಜಾಗವಿಲ್ಲ. ನನ್ನ ಮಾತಂಗಿ ದೇವಿಯಲ್ಲ. ಯಾರೋ ಕಳಿಸಿದ ಕೆಲಸಕ್ಕೆ ದೂರದಿಂದ ಬಂದ ಹೆಂಗಸು. ಆಕೆಯ ಕಣ್ಣು ನಾಲ್ಕು ಜನರ ಮುಂದೆ, ನಾಲ್ಕು ಜನರ ಜಗಳದ ನಡುವೆಯೇ ತೆರೆಯಬೇಕು ಅನ್ನಿಸಿತು.

ಜಗಳ ಶುರು ಮಾಡಿದ್ದು ಹಿಂದಿನ ಮನೆಯ ಅಜ್ಜಿ. ಮೊದಲ ದಿನದಿಂದಲೂ ಆಕೆಗೆ ಈ ಚಿತ್ರ ಹಿಡಿಸಿರಲಿಲ್ಲ. "ನಮ್ಮ ರಾಮನ ತಲಿ ತಗದಾಕಿನ್ನ ಇಷ್ಟು ಛಂದ ಮಾಡಿ ಯಾಕ ಬರೀತಿ ಯವ್ವಾ?" ಎಂದು ಬಾಗಿಲಲ್ಲೇ ನಿಂತು ಕೇಳಿ ಹೋಗುತ್ತಿದ್ದಳು. ಕಣ್ಣಿಲ್ಲದ ಮುಖಕ್ಕೆ ಹುಬ್ಬು ಬಂದ ದಿನ ಒಳಗೆ ಬಂದು ಕೂತಳು. ಎಲೆ ಅಡಿಕೆ ಹಾಕಿಕೊಂಡು, ಬಾಯಲ್ಲಿ ಅದನ್ನು ಒಂದು ಬದಿಗೆ ಸರಿಸಿ ಕೇಳಿದಳು: "ಆತ ತನ್ನ ಮ್ಯಾಲೆ ಕೈ ಎತ್ತೂದಿಲ್ಲ ಅಂತ ಆಕಿಗೆ ಗೊತ್ತಿತ್ತೇನು?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದು ಬಂದಿದ್ದರೆ ಆ ಮುಖದಲ್ಲಿ ನೆಮ್ಮದಿ ಇರುತ್ತದೆ, ನೋಡಲಾಗದ ನೆಮ್ಮದಿ. ಗೊತ್ತಿಲ್ಲದೆ ಬಂದಿದ್ದರೆ ಭಯ ಇರುತ್ತದೆ. ಕುಮ್ಮಟದ ಗಂಡುಗಲಿಯ ಮುಂದೆ ನಿಂತವಳಿಗೆ ಇರಬೇಕಾದ ಭಯ. ಹುಬ್ಬು, ರೆಪ್ಪೆ, ತುಟಿಯ ಕೊನೆ ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ. ಬೇರೆ ಎರಡು ಹಾಳೆಗಳ ಮೇಲೆ ಎರಡೂ ಬಗೆಯ ಕಣ್ಣು ಬರೆದು ಬೋರ್ಡಿನ ಪಕ್ಕಕ್ಕೆ ಅಂಟಿಸಿದೆ. ಓಣಿ ಎರಡು ಪಾಲಾಯಿತು. "ಗೊತ್ತಿದ್ರೇನು, ಗೊತ್ತಿಲ್ಲದಿದ್ರೇನು? ನಾ ಹೋಗೂದಿಲ್ಲ ಅಂದ್ರ ಸುಲ್ತಾನ ಬಿಡ್ತಿದ್ನೇನು?" ಎಂದಳು ಕೂಲಿಗೆ ಹೋಗುವಾಕೆ. ಅಜ್ಜಿ ಅದಕ್ಕೆ ಎದುರು ಮಾತಾಡಲಿಲ್ಲ, ಅಡಿಕೆ ಮಾತ್ರ ಜೋರಾಗಿ ಅಗಿದಳು.

ದೊಡ್ಡಾಟದಲ್ಲಿ ಬಹಳ ಕಾಲ ಹೆಣ್ಣು ಪಾರ್ಟು ಮಾಡಿದ ಹಿರಿಯರೊಬ್ಬರು ನಮ್ಮೂರ ಕಡೆ ಬಂದಿದ್ದರು. ಎರಡೂ ಹಾಳೆ ನೋಡಿದರು. ಕಣ್ಣು ಎರಡರಲ್ಲೂ ಸರಿಯಾಗಿದೆ, ದಿಕ್ಕು ಸರಿಯಾಗಿಲ್ಲ ಎಂದರು. "ಯುದ್ಧದ ಕುಣಿತದಾಗ ಎದುರಿನವನ ಮಾರಿ ನೋಡಬಾರದ್ರೀ. ಕೈ ನೋಡಬೇಕು. ಕೈ ಎತ್ತತಾನೋ ಇಲ್ಲೋ ಅನ್ನೂದು ಕೈಯಾಗ ಮೊದಲ ತಿಳೀತೈತಿ." ಆ ವಯಸ್ಸಿನಲ್ಲೂ ಒಂದು ಹೆಜ್ಜೆ ಹಾಕಿ ಕತ್ತು ಹೊರಳಿಸಿ ತೋರಿಸಿದರು. ರೆಪ್ಪೆ ಇಳಿದಿತ್ತು, ನೋಟ ಮಾತ್ರ ಚೂಪಾಗಿ ಕೆಳಗೆ ಎಡಕ್ಕೆ ಹೋಗಿತ್ತು.

ಅಲ್ಲಿಗೆ ಅಜ್ಜಿಯ ಪ್ರಶ್ನೆಗೆ ಚಿತ್ರದಲ್ಲಿ ಜಾಗ ಸಿಕ್ಕಿತು. ಆಕೆಗೆ ಗೊತ್ತಾಗುತ್ತಿರುವುದು ಈಗ, ಆ ಕೈ ನೋಡುತ್ತಿರುವಾಗ. ಭಯ ಇನ್ನೂ ಪೂರ್ತಿ ಹೋಗಿಲ್ಲ, ಎತ್ತಿದ ಕತ್ತಿ ಇನ್ನೂ ಇಳಿದಿಲ್ಲ. ರೆಪ್ಪೆ ಇಳಿಸಿ ಬರೆದೆ. ಬಿಳಿಗುಡ್ಡೆಯ ಒಂದು ಎಳೆ ಮಾತ್ರ ಕಾಣುತ್ತದೆ.

ಅಜ್ಜಿ ಬಂದು ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. "ಆಕಿ ಅವನ ಕೈ ನೋಡಾಕತ್ತಾಳ ಅಂದ್ರ ಕೈ ಎಲ್ಲೈತಿ?" ಅಂದಳು. ಹಾಗಾಗಿ ಎಡಗಡೆ ಬಂಡೆ ಬರೆದಿದ್ದ ಜಾಗಕ್ಕೆ ನೆಲದ ಬಣ್ಣ ಬಳಿದು ರಾಮನ ಕೈಗೆ ಜಾಗ ಮಾಡುತ್ತಿದ್ದೇನೆ. ಮೊಣಕೈಯಿಂದ ಕೆಳಗೆ ಅಷ್ಟೇ ಬರುತ್ತದೆ. ಹೊಡೆಯಲೊಲ್ಲದ ಕೈ ಕತ್ತಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿರುತ್ತದೋ ಸಡಿಲಾಗಿ ಹಿಡಿದಿರುತ್ತದೋ, ಅದನ್ನು ಕಂಬಾರಣ್ಣನನ್ನೇ ಕೇಳಬೇಕು. ಸಂತೆ ಮುಗಿಸಿ ಬರುತ್ತೇನೆಂದು ಹೇಳಿ ಕಳಿಸಿದ್ದಾನೆ.