ನೇಟ್‌ನನ್ನು ಕ್ಷಮಿಸಿದ್ದು ಸರಿಯೇ?

ಒಂದು ಹಾಸ್ಯ ಧಾರಾವಾಹಿಯ ವಿಷಯದಲ್ಲಿ ಅಣ್ಣ-ತಂಗಿ ಎರಡು ದಿನ ಮಾತು ಬಿಟ್ಟರೆಂದರೆ ಕೇಳಿದವರು ನಗಬಹುದು. ನಮ್ಮ ಮನೆಯಲ್ಲಿ ಅದು ನಡೆಯಿತು. 2023ರ ಮೇ 31ರಂದು 'ಟೆಡ್ ಲ್ಯಾಸೊ' ಎಂಬ ಇಂಗ್ಲಿಷ್ ಧಾರಾವಾಹಿಯ ಮೂರನೇ ಸೀಸನ್‌ನ ಕೊನೆಯ ಕಂತು ಬಂತು. ಅದನ್ನು ನೋಡಿ ಮುಗಿಸಿದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು. ದೊಡ್ಡಣ್ಣ ಮಾತ್ರ ರಿಮೋಟನ್ನು ಸೋಫಾದ ಮೇಲೆ ಎಸೆದು, "ಇಷ್ಟು ಸುಲಭವಾಗಿ ಕ್ಷಮಿಸುವುದಾದರೆ ದ್ರೋಹಕ್ಕೆ ಬೆಲೆ ಏನು?" ಎಂದು ಎದ್ದು ಹೋದರು. ಅವರು ಕೇಳಿದ್ದು ಧಾರಾವಾಹಿಯ ಪಾತ್ರದ ಬಗ್ಗೆ ಮಾತ್ರ ಆಗಿರಲಿಲ್ಲ. ಅದು ನಮಗೆಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿಬಿಡಲಿಲ್ಲ.

ನೋಡದವರಿಗಾಗಿ ಕತೆಯನ್ನು ಸ್ವಲ್ಪ ಹೇಳಬೇಕು. ಟೆಡ್ ಲ್ಯಾಸೊ ಎಂಬಾತ ಅಮೆರಿಕದ ಕಾನ್ಸಾಸ್‌ನವನು. ಅಲ್ಲಿನ ಅಮೆರಿಕನ್ ಫುಟ್ಬಾಲ್‌ನ ತರಬೇತುದಾರ. ನಮ್ಮ ನಿಮ್ಮ ಫುಟ್ಬಾಲ್‌ನ ನಿಯಮ ಆತನಿಗೆ ತಿಳಿಯದು. ಅಂಥವನನ್ನು ಲಂಡನ್ನಿನ 'ಎ.ಎಫ್.ಸಿ. ರಿಚ್‌ಮಂಡ್' ಎಂಬ ಕಾಲ್ಪನಿಕ ಕ್ಲಬ್ಬಿಗೆ ತರಬೇತುದಾರನಾಗಿ ಕರೆತರಲಾಗುತ್ತದೆ. ಕ್ಲಬ್ಬಿನ ಒಡತಿ ರೆಬೆಕಾ ಆತನನ್ನು ಕರೆಸಿದ್ದು ಗೆಲ್ಲಲಿಕ್ಕಲ್ಲ, ಕ್ಲಬ್ಬನ್ನು ಮುಳುಗಿಸಲಿಕ್ಕೆ. ಅವಳನ್ನು ಬಿಟ್ಟುಹೋದ ಗಂಡ ರೂಪರ್ಟ್‌ನಿಗೆ ಆ ಕ್ಲಬ್ ಪ್ರಾಣ. ಅವನಿಗೆ ನೋವಾಗಲಿ ಎಂಬುದು ಅವಳ ಹಟ. ಈ ಟೆಡ್‌ನ ಪಾತ್ರ ಹುಟ್ಟಿದ್ದು ಜಾಹೀರಾತಿನಿಂದ. 2013ರಲ್ಲಿ ಅಮೆರಿಕದ ಎನ್.ಬಿ.ಸಿ. ಸ್ಪೋರ್ಟ್ಸ್ ವಾಹಿನಿ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಪ್ರಸಾರಕ್ಕೆ ಪ್ರಚಾರ ಮಾಡಲು ನಟ ಜೇಸನ್ ಸುಡೇಕಿಸ್‌ರಿಂದ ಈ ವೇಷ ಹಾಕಿಸಿತ್ತು. ಅದೇ ಪಾತ್ರ ಬೆಳೆದು 2020ರ ಆಗಸ್ಟ್‌ನಲ್ಲಿ, ಆಗ 'ಆಪಲ್ ಟಿವಿ ಪ್ಲಸ್' ಎನ್ನುತ್ತಿದ್ದ ವೇದಿಕೆಯಲ್ಲಿ, ಧಾರಾವಾಹಿಯಾಗಿ ಬಂತು.

2020ರ ಆಗಸ್ಟ್ ಹೇಗಿತ್ತೆಂದು ಯಾರಿಗೂ ನೆನಪಿಸಬೇಕಾಗಿಲ್ಲ. ಕೊರೋನಾ ಕಾಲ. ಮನೆಯೊಳಗೆ ಬಂದಿಯಾಗಿದ್ದೆವು. ದಿನವೂ ಸಾವಿನ ಲೆಕ್ಕ ಕೇಳಿ ಮನಸ್ಸು ಮರಗಟ್ಟಿತ್ತು. ಅಂಥ ಹೊತ್ತಿನಲ್ಲಿ, ತನ್ನನ್ನು ಗೇಲಿ ಮಾಡಿದವನಿಗೂ ಬಿಸ್ಕತ್ತು ತಂದುಕೊಡುವ ಒಬ್ಬ ಮನುಷ್ಯನನ್ನು ನೋಡುವುದು ಔಷಧದಂತಿತ್ತು. ಲಂಡನ್ನಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಫೋನಿನಲ್ಲಿ, "ಮಾಮ, ಇದನ್ನು ನೋಡಿ, ಮನಸ್ಸು ಹಗುರಾಗುತ್ತದೆ" ಎಂದು ಶಿಫಾರಸು ಮಾಡಿದ್ದ. ಇಂಗ್ಲಿಷ್ ಅಷ್ಟಾಗಿ ಅರ್ಥವಾಗದ ಅಮ್ಮ ಕೂಡ ಟೆಡ್‌ನ ಮೀಸೆ ಮತ್ತು ನಗು ನೋಡಿ, "ಇವನೊಬ್ಬ ಒಳ್ಳೆಯವನು" ಎಂದು ತೀರ್ಪು ಕೊಟ್ಟರು. ಎಮ್ಮಿ ಪ್ರಶಸ್ತಿಯವರೂ ಅಮ್ಮನ ತೀರ್ಪನ್ನೇ ಎತ್ತಿಹಿಡಿದರು. 2021 ಮತ್ತು 2022ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಪ್ರಶಸ್ತಿ ಇದಕ್ಕೇ ಸಿಕ್ಕಿತು.

ಭಿನ್ನಾಭಿಪ್ರಾಯ ಎರಡನೇ ಸೀಸನ್‌ನಲ್ಲೇ ಮೊಳಕೆಯೊಡೆದಿತ್ತು. ಆದರೆ ನೋಡುಗರು ಸ್ಪಷ್ಟವಾಗಿ ಎರಡು ಪಂಗಡವಾದದ್ದು 2023ರ ಮಾರ್ಚ್ 15ರಂದು ಆರಂಭವಾದ ಮೂರನೇ ಸೀಸನ್‌ನಲ್ಲಿ. ಆಕ್ಷೇಪಗಳಲ್ಲಿ ಮೊದಲನೆಯದು ಉದ್ದದ್ದು. ಮೊದಲ ಸೀಸನ್‌ನ ಕಂತುಗಳು ಸುಮಾರು ಅರ್ಧ ಗಂಟೆಯವು. ಮೂರನೆಯದರಲ್ಲಿ ಅವು ಮುಕ್ಕಾಲು ಗಂಟೆ ದಾಟಿ, ಕೊನೆಯದು ಒಂದು ಗಂಟೆಯನ್ನೂ ಮೀರಿತು. ಹಾಸ್ಯವನ್ನು ಅಷ್ಟುದ್ದ ಎಳೆದರೆ ಅದು ಹಾಸ್ಯವಾಗಿ ಉಳಿಯುವುದಿಲ್ಲ ಎಂದು ಹಲವು ವಿಮರ್ಶಕರು ಬರೆದರು. ಎರಡನೆಯದು, ಕತೆ ಚೆಲ್ಲಾಪಿಲ್ಲಿಯಾಯಿತು ಎಂಬುದು. ಕೀಲಿ ಎಂಬ ಪಾತ್ರ ಕ್ಲಬ್ಬಿನಿಂದ ಹೊರಗೆ ತನ್ನದೇ ಪ್ರಚಾರ ಸಂಸ್ಥೆ ತೆರೆದಳು. ಅವಳ ಕತೆಗೂ ಮೈದಾನದ ಕತೆಗೂ ಕೊಂಡಿಯೇ ಉಳಿಯಲಿಲ್ಲ. ಝಾವಾ ಎಂಬ ಮಹಾ ಆಟಗಾರ ಬಿರುಗಾಳಿಯಂತೆ ಬಂದು, ತಂಡವನ್ನು ಗೆಲ್ಲಿಸಿ, ಅರ್ಧದಲ್ಲೇ ಆಟ ಬಿಟ್ಟು ಹೋದ.

ಮೆಚ್ಚಿದವರ ವಾದವೂ ದುರ್ಬಲವಾಗಿರಲಿಲ್ಲ. ಜಂಬದ ಹುಡುಗನಾಗಿದ್ದ ಜೇಮಿ ಟಾರ್ಟ್, ತನ್ನ ಹಳೆಯ ವೈರಿ ರಾಯ್ ಕೆಂಟ್‌ನ ಕೈಯಲ್ಲಿ ನಸುಕಿನಲ್ಲೇ ಎದ್ದು ಅಭ್ಯಾಸ ಮಾಡಿ ತಂಡಕ್ಕಾಗಿ ಆಡುವವನಾದ. ನೈಜೀರಿಯದ ಆಟಗಾರ ಸ್ಯಾಮ್ ನಿರಾಶ್ರಿತರ ಪರವಾಗಿ ಮಾತಾಡಿದ್ದಕ್ಕೆ ಅವನ ಹೋಟೆಲನ್ನು ಯಾರೋ ರಾತ್ರೋರಾತ್ರಿ ಪುಡಿಮಾಡಿದರು. ಮರುದಿನ ಅವನು ತಂದೆಯನ್ನು ಕರೆದುಕೊಂಡು ಬಂದಾಗ ಇಡೀ ತಂಡ ಅಲ್ಲಿ ಬಣ್ಣ ಬಳಿಯುತ್ತಾ, ಕನ್ನಡಿ ಜೋಡಿಸುತ್ತಾ ನಿಂತಿತ್ತು. ಆ ದೃಶ್ಯದ ಮುಂದೆ ದೊಡ್ಡಣ್ಣನ ಗಂಟಲೂ ಕಟ್ಟಿತ್ತು. ಕೊನೆಯಲ್ಲಿ ರಿಚ್‌ಮಂಡ್ ಪ್ರಶಸ್ತಿ ಗೆಲ್ಲಲಿಲ್ಲ, ಎರಡನೇ ಸ್ಥಾನಕ್ಕೆ ನಿಂತಿತು. ರೆಬೆಕಾ ಕ್ಲಬ್ಬಿನ ಶೇಕಡಾ 49 ಪಾಲನ್ನು ಅಭಿಮಾನಿಗಳಿಗೇ ಮಾರಿದಳು. ಟೆಡ್ ಎಲ್ಲವನ್ನೂ ಬಿಟ್ಟು ಮಗನಿಗಾಗಿ ಊರಿಗೆ ಮರಳಿದ. ಸೋತ ದಾಂಪತ್ಯದ ನಡುವೆಯೂ ತಂದೆಯ ಕರ್ತವ್ಯ ಮರೆಯದ ಈ ಮುಗಿತಾಯ ಅಕ್ಕನಿಗೆ ತುಂಬಾ ಹಿಡಿಸಿತು.

ಆದರೆ ಎಲ್ಲಕ್ಕಿಂತ ಬಿಸಿಯಾದ ಚರ್ಚೆ ನೇಟ್‌ನದು.

ನಟ ನಿಕ್ ಮೊಹಮ್ಮದ್ ನಿರ್ವಹಿಸಿದ ಈ ನೇಟ್, ಮೊದಲಿಗೆ ಆಟಗಾರರ ಬಟ್ಟೆ, ಬೂಟು ನೋಡಿಕೊಳ್ಳುವ ಕಿಟ್ ಹುಡುಗ. ಎಲ್ಲರೂ ಅವನನ್ನು ಪೀಡಿಸುವವರೇ. ಟೆಡ್ ಬಂದ ದಿನವೇ ಅವನ ಹೆಸರು ಕೇಳಿದ, ಅವನ ತಲೆಯಲ್ಲಿ ಆಟದ ಬುದ್ಧಿ ಇದೆಯೆಂದು ಗುರುತಿಸಿದ, ಸಹಾಯಕ ತರಬೇತುದಾರನನ್ನಾಗಿ ಮಾಡಿದ. ಎರಡನೇ ಸೀಸನ್‌ನಲ್ಲಿ ನೇಟ್‌ನ ಮನಸ್ಸು ಕಹಿಯಾಯಿತು. ಟೆಡ್‌ಗೆ ಎದೆ ಬಡಿತ ಏರಿ ಗಾಬರಿಯಾಗುವ ಸಮಸ್ಯೆ ಇದೆ ಎಂಬ ಗುಟ್ಟನ್ನು ಅವನು ಪತ್ರಕರ್ತನಿಗೆ ತಿಳಿಸಿದ. ಟೆಡ್ ಗೋಡೆಗೆ ಅಂಟಿಸಿದ್ದ 'ನಂಬಿರಿ' ಎಂಬ ಹಳದಿ ಫಲಕವನ್ನು ಹರಿದು, ರೂಪರ್ಟ್ ಕೊಂಡ ವೆಸ್ಟ್ ಹ್ಯಾಮ್ ತಂಡಕ್ಕೆ ತರಬೇತುದಾರನಾಗಿ ಹೋದ. ಮೂರನೇ ಸೀಸನ್‌ನಲ್ಲಿ ಅವನು ಅದನ್ನೂ ಬಿಟ್ಟು, ಮತ್ತೆ ರಿಚ್‌ಮಂಡ್‌ಗೆ ಮರಳುತ್ತಾನೆ, ಅದೂ ಕಿಟ್‌ನವರ ಸಹಾಯಕನಾಗಿ. ಟೆಡ್ ಅವನನ್ನು ತಬ್ಬಿಕೊಳ್ಳುತ್ತಾನೆ.

ಆಕ್ಷೇಪಿಸಿದವರ ಮಾತು ಹೀಗಿತ್ತು: ನೇಟ್ ವೆಸ್ಟ್ ಹ್ಯಾಮ್ ಬಿಟ್ಟ ಗಳಿಗೆಯನ್ನೇ ತೋರಿಸಲಿಲ್ಲ. ಒಂದು ಕಂತಿನಲ್ಲಿ ಅವನು ಅಲ್ಲಿದ್ದ, ಮುಂದಿನದರಲ್ಲಿ ಕೆಲಸ ಬಿಟ್ಟ ಸುದ್ದಿ ಮಾತ್ರ. ರೂಪರ್ಟ್‌ನ ಮುಖಕ್ಕೆ ಅವನು ಏನು ಹೇಳಿದ, ಹೇಗೆ ನಡುಗಿದ ಎಂಬುದು ನಮಗೆ ಕಾಣಲಿಲ್ಲ. ತಪ್ಪನ್ನು ಒಂದಿಡೀ ಸೀಸನ್ ಬಿಡಿಸಿ ಬಿಡಿಸಿ ತೋರಿಸಿದವರು ಪಶ್ಚಾತ್ತಾಪವನ್ನು ತೆರೆಯ ಹಿಂದೆ ಮುಗಿಸಿದರೆ ನೋಡುಗ ಹೇಗೆ ಒಪ್ಪಬೇಕು? ಒಪ್ಪಿದವರು ಬೇರೆ ಸಾಕ್ಷಿ ಮುಂದಿಟ್ಟರು. ನೇಟ್ ಗುಟ್ಟಾಗಿ ಬಂದು ಕಿಟ್ ಹುಡುಗ ವಿಲ್‌ನ ಕೆಲಸವನ್ನು ತಾನೇ ಮಾಡಿಟ್ಟು, ಕ್ಷಮೆ ಕೇಳಿ ಚೀಟಿ ಇಟ್ಟಿರಲಿಲ್ಲವೇ? ತಂದೆಯ ಮನೆಯಲ್ಲಿ ದಿನಗಟ್ಟಲೆ ಮುಸುಕೆಳೆದು ಮಲಗಿರಲಿಲ್ಲವೇ? ಮನುಷ್ಯ ಬದಲಾಗುವುದು ಹೀಗೆ ಸಣ್ಣ ಸಣ್ಣ ಕೆಲಸಗಳಲ್ಲೇ ಅಲ್ಲವೇ?

ಈಗ ನಮ್ಮ ಮನೆಯ ವಿಷಯ.

ನಮ್ಮ ತಂದೆಗೆ ಜವಳಿ ಅಂಗಡಿಯಿತ್ತು. ಅಲ್ಲಿಗೆ ಹನ್ನೆರಡರ ಹುಡುಗನೊಬ್ಬ ಚಹಾ ಲೋಟ ತೊಳೆಯಲು ಬಂದ. ಅವನ ತಲೆ ಲೆಕ್ಕದಲ್ಲಿ ಚುರುಕು. ತಂದೆ ಅವನನ್ನು ಬಟ್ಟೆ ಅಳೆಯಲು ಹಾಕಿದರು, ಆಮೇಲೆ ಗಲ್ಲೆಯಲ್ಲಿ ಕೂರಿಸಿದರು. ಇಪ್ಪತ್ತು ದಾಟುವಷ್ಟರಲ್ಲಿ ಸೂರತ್‌ನ ವ್ಯಾಪಾರಿಗಳೊಂದಿಗೆ ಫೋನಿನಲ್ಲಿ ದರ ಕುದುರಿಸುವವನೂ ಅವನೇ ಆದ. 1998ರಲ್ಲಿ ಒಂದು ದಿನ ಅವನು ಹೇಳದೆ ಕೇಳದೆ ಎದುರಿನ ಅಂಗಡಿಗೆ ಸೇರಿದ. ನಮ್ಮ ದರ, ನಮ್ಮ ಗಿರಾಕಿಗಳ ಉದ್ರಿ ಲೆಕ್ಕ, ಎಲ್ಲವೂ ಅವನ ಜೊತೆ ಆಚೆ ಹೋಯಿತು. ಆ ವರ್ಷದ ಮದುವೆ ಜವಳಿಯ ವ್ಯಾಪಾರ ಅರ್ಧಕ್ಕಿಳಿಯಿತು. ಅಂಗಡಿ ಮತ್ತೆ ತಲೆಯೆತ್ತಲೇ ಇಲ್ಲ. ನಷ್ಟದ ಹೊರೆ ಹೊತ್ತವರು ದೊಡ್ಡಣ್ಣ. ಅವರು ಓದು ಬಿಟ್ಟು ಗಲ್ಫ್‌ಗೆ ಹೋಗಿ ಹದಿನೆಂಟು ವರ್ಷ ದುಡಿದರು.

ತಂದೆ ತೀರಿಕೊಂಡ ದಿನ ಆತ ಬಂದಿದ್ದ. ಅಂಗಳದ ತುದಿಯಲ್ಲಿ ನಿಂತಿದ್ದ. ದೊಡ್ಡಣ್ಣ ಮುಖ ತಿರುಗಿಸಿದರು. ಅಕ್ಕ ಕುರ್ಚಿ ಹಾಕಿಸಿ ಚಹಾ ಕೊಟ್ಟರು. "ಧಣಿಯ ಋಣ ತೀರಿಸಲಾಗಲಿಲ್ಲ ಅಕ್ಕ" ಎಂದಷ್ಟೇ ಹೇಳಿ ಹೋದನಂತೆ. ಅದಾಗಿ ಎಷ್ಟೋ ವರ್ಷಗಳ ಮೇಲೆ, ಧಾರಾವಾಹಿ ಮುಗಿಯುವ ಎರಡು ವಾರದ ಮುಂಚೆ, ಅವನ ಮಗಳ ಮದುವೆಯ ಕಾಗದ ನಮ್ಮ ಮನೆಗೆ ಬಂತು. ಸ್ವತಃ ಬಂದು ಅಮ್ಮನ ಕೈಯಲ್ಲಿ ಕೊಟ್ಟು ಹೋಗಿದ್ದ. ಆ ಕಾಗದ ಟಿವಿಯ ಪಕ್ಕದಲ್ಲೇ ಇತ್ತು.

"ಅವನು ಎದುರಿನ ಅಂಗಡಿಯನ್ನೂ ಬಿಟ್ಟು ವರ್ಷಗಳಾದವು" ಎಂದು ಅಕ್ಕ ಹೇಳಿದರು.

"ಯಾಕೆ ಬಿಟ್ಟ? ಇವರು ಓಡಿಸಿದರೋ, ಅವನಿಗೆ ನಾಚಿಕೆಯಾಯಿತೋ? ನಮಗೆ ಯಾರಾದರೂ ಹೇಳಿದ್ದಾರಾ?" ಎಂದು ದೊಡ್ಡಣ್ಣ ಕೇಳಿದರು.

ಅಲ್ಲಿಗೆ ನಮಗೆ ಹೊಳೆಯಿತು. ಇವರಿಬ್ಬರೂ ವಾದಿಸುತ್ತಿದ್ದುದು ಅದೇ ತೋರಿಸದೆ ಬಿಟ್ಟ ಗಳಿಗೆಯ ಬಗ್ಗೆ. ಧಾರಾವಾಹಿಯ ವಿಷಯದಲ್ಲಿ ದೊಡ್ಡಣ್ಣನ ಮಾತು ಸರಿ ಎಂದೇ ನಮಗೆ ಇಂದಿಗೂ ಅನಿಸುತ್ತದೆ. ಕತೆ ಹೇಳುವವನಿಗೆ ಒಂದು ಹೊಣೆ ಇದೆ. ಪಾತ್ರದ ಒಳಗನ್ನು ತೆರೆದಿಡುವ ಅವಕಾಶ ಅವನ ಕೈಯಲ್ಲಿದೆ. ಒಂದು ಗಂಟೆಯ ಕಂತುಗಳಲ್ಲಿ ಆ ಐದು ನಿಮಿಷಕ್ಕೆ ಜಾಗ ಸಿಗಲಿಲ್ಲ ಎಂದರೆ ಅದು ಬರವಣಿಗೆಯ ದೋಷವೇ. ಆದರೆ ಬದುಕಿನಲ್ಲಿ ಆ ಐದು ನಿಮಿಷವನ್ನು ಯಾರು ಯಾರಿಗೆ ತೋರಿಸುತ್ತಾರೆ? ತಪ್ಪು ಮಾಡಿದವನು ರಾತ್ರಿ ನಿದ್ದೆಗೆಟ್ಟು ಹೊರಳಿದ್ದನ್ನು ನಾವು ಎಂದಾದರೂ ನೋಡುವುದುಂಟೇ? ನಮಗೆ ಕಾಣುವುದು ಅಂಗಳದ ತುದಿಯಲ್ಲಿ ನಿಂತವನು ಮಾತ್ರ. ಒಳಗೆ ಕರೆಯಬೇಕೋ ಬೇಡವೋ ಎಂಬುದನ್ನು ಅಷ್ಟರಿಂದಲೇ ತೀರ್ಮಾನಿಸಬೇಕು.

ಧಾರಾವಾಹಿಯಲ್ಲಿ ನೇಟ್‌ನನ್ನು ಕ್ಷಮಿಸುವುದಿಲ್ಲವೆಂದು ಹೆಚ್ಚು ಹಟ ಮಾಡಿದವನು ಟೆಡ್ ಅಲ್ಲ, ಅವನ ಗೆಳೆಯ ಬಿಯರ್ಡ್. ಕೊನೆಗೆ ಅವನೇ ನೇಟ್‌ನ ಮನೆಗೆ ಹೋಗಿ ತನ್ನ ಕತೆ ಹೇಳುತ್ತಾನೆ. ಒಂದು ಕಾಲದಲ್ಲಿ ದಿಕ್ಕಿಲ್ಲದ ತನ್ನನ್ನು ಟೆಡ್ ಮನೆಯಲ್ಲಿಟ್ಟುಕೊಂಡಿದ್ದ, ತಾನು ಅವನ ಕಾರನ್ನೇ ಕದ್ದಿದ್ದೆ, ಆದರೂ ಟೆಡ್ ತನ್ನನ್ನು ಪೊಲೀಸರಿಗೆ ಒಪ್ಪಿಸಲಿಲ್ಲ ಎಂದು. ಕ್ಷಮೆ ಪಡೆದವನಿಗೆ ಅದನ್ನು ಮತ್ತೊಬ್ಬನಿಗೆ ದಾಟಿಸುವ ಹೊಣೆಯೂ ಇದೆ. ಉದ್ದದ ಬಗ್ಗೆ ಎಷ್ಟೇ ದೂರಿದರೂ ಈ ಒಂದು ದೃಶ್ಯಕ್ಕಾಗಿ ಮೂರನೇ ಸೀಸನ್ ನೋಡಬಹುದು ಎಂಬುದು ನಮ್ಮ ಅಭಿಪ್ರಾಯ.

ಆದರೆ ಮಾತು ಮುರಿದಿದ್ದವರನ್ನು ಮತ್ತೆ ಕೂರಿಸಿದ್ದು ಆ ದೃಶ್ಯವಲ್ಲ, ಅಮ್ಮ. ಮೂರನೇ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಮ್ಮ, "ಆ ಹುಡುಗ ಯಾಕೆ ಸಿಟ್ಟಾದದ್ದು?" ಎಂದು ಕೇಳಿದರು. ಟಿವಿಯ ಹುಡುಗನೆಂದು ಭಾವಿಸಿ ಅಕ್ಕ ವಿವರಿಸಿದರು. ಟೆಡ್ ಮೊದಲು ಅವನನ್ನು ಎತ್ತಿ ಕೂರಿಸಿದ, ಆಮೇಲೆ ಅವನತ್ತ ನೋಡುವುದನ್ನೇ ಬಿಟ್ಟ, ತಾನು ಯಾರಿಗೂ ಬೇಡವಾದೆ ಎಂದು ನೇಟ್‌ನಿಗೆ ಅನಿಸಿತು ಎಂದು. ಅಮ್ಮ ತಲೆಯಾಡಿಸಿದರು. "ನಿಮ್ಮ ಅಪ್ಪನೂ ಅದನ್ನೇ ಮಾಡಿದ್ದು" ಎಂದರು. ದೊಡ್ಡಣ್ಣ ಕಾಲೇಜು ಸೇರಿ ರಜೆಯಲ್ಲಿ ಅಂಗಡಿಗೆ ಬರತೊಡಗಿದಾಗ ತಂದೆ ಗಲ್ಲೆಯನ್ನು ಮಗನಿಗೆ ಕೊಟ್ಟು, ಆ ಹುಡುಗನನ್ನು ಹಿಂದಿನ ಗೋದಾಮಿಗೆ ಕಳಿಸಿದ್ದರು. ಒಂದು ಮಾತು ಹೇಳಿರಲಿಲ್ಲ. ಸಂಬಳವೂ ಏರಿರಲಿಲ್ಲ. ಅವನು ಹೋದದ್ದು ಅದಾದ ಮೂರನೇ ತಿಂಗಳಿಗೆ. ನಾವು ಇಪ್ಪತ್ತೈದು ವರ್ಷ ಅವನ ದ್ರೋಹದ ಕತೆ ಹೇಳಿಕೊಂಡೇ ಬಂದಿದ್ದೆವು. ಗೋದಾಮಿನ ಕತೆ ನಮ್ಮಲ್ಲೂ ತೆರೆಯ ಹಿಂದೆಯೇ ಉಳಿದಿತ್ತು.

ನೇಟ್ ತಾನು ಉಡುಗೊರೆ ಕೊಟ್ಟ ಚಿತ್ರ ಟೆಡ್‌ನ ಕಚೇರಿಯಲ್ಲಿ ಕಾಣಲಿಲ್ಲವೆಂದು ನೊಂದಿದ್ದ. ಟೆಡ್ ಅದನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ನಮ್ಮ ತಂದೆಯ ಪೆಟ್ಟಿಗೆಯಲ್ಲಿ ಅಂಥದ್ದೇನೂ ಸಿಗಲಿಲ್ಲ. ಬದುಕು ಧಾರಾವಾಹಿಯಷ್ಟು ಉದಾರಿಯಲ್ಲ. ತಂದೆ ಅವನನ್ನು ಪ್ರೀತಿಸಿದ್ದರೋ, ದುಡಿಸಿಕೊಂಡಿದ್ದರೋ ಎಂಬುದಕ್ಕೆ ಉತ್ತರ ಅವರ ಜೊತೆಗೇ ಹೋಯಿತು.

ಮದುವೆಗೆ ನಾವು ಹೋದೆವು. ದೊಡ್ಡಣ್ಣ ಬರಲಿಲ್ಲ. ಆದರೆ ಹೊರಡುವಾಗ ಅಮ್ಮನ ಕೈಗೆ ಒಂದು ಲಕೋಟೆ ಕೊಟ್ಟು, "ಹುಡುಗಿಗೆ ಕೊಡಿ, ಹೆಸರು ಹೇಳಬೇಕಾಗಿಲ್ಲ" ಎಂದರು. ಆತ ಲಕೋಟೆಯ ಮೇಲಿನ ಅಕ್ಷರ ನೋಡಿದ. ಒಂದೇ ಗಲ್ಲೆಯಲ್ಲಿ ಲೆಕ್ಕ ಬರೆದವನಿಗೆ ಆ ಅಕ್ಷರ ಗುರುತಾಗದೆ ಇರುತ್ತದೆಯೇ? ಏನೂ ಹೇಳದೆ ಜೇಬಿಗಿಟ್ಟುಕೊಂಡ. ಅವರಿಬ್ಬರೂ ಇನ್ನೂ ಮುಖಾಮುಖಿ ಮಾತಾಡಿಲ್ಲ.

ಮೂರನೇ ಸೀಸನ್‌ಗೆ ಎಮ್ಮಿಯಲ್ಲಿ 21 ನಾಮನಿರ್ದೇಶನ ಸಿಕ್ಕಿದರೂ, 2024ರ ಜನವರಿಯಲ್ಲಿ ನಡೆದ ಸಮಾರಂಭದಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಪ್ರಶಸ್ತಿ 'ದಿ ಬೇರ್'ಗೆ ಹೋಯಿತು. "ನಾನು ಹೇಳಲಿಲ್ಲವೇ?" ಎಂದು ದೊಡ್ಡಣ್ಣ ಫೋನ್ ಮಾಡಿ ಅಕ್ಕನನ್ನು ಕೆಣಕಿದರು. 2025ರ ಮಾರ್ಚ್‌ನಲ್ಲಿ ನಾಲ್ಕನೇ ಸೀಸನ್ ಮಾಡುವುದಾಗಿ ಪ್ರಕಟಣೆ ಬಂದಾಗ ಅವರು, "ಮತ್ತೆ ಎಳೆಯುತ್ತಾರೆ, ಇವರಿಗೆ ನಿಲ್ಲಿಸಲು ಗೊತ್ತಿಲ್ಲ" ಎಂದು ಗೊಣಗಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅದರಲ್ಲಿ ಆ ನೇಟ್ ಇರುತ್ತಾನಂತಾ?"