ಬೀಗರ ಮೇಲೆ ದೂರು ಕೊಡುವುದು ಹೇಗೆ?

ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಮುಂದೆ ಕನ್ನಡದಲ್ಲಿ ಓದಿದ ನನ್ನಂಥವರಿಗೆ ನಮ್ಮ ಓಣಿಗಳಲ್ಲಿ ಒಂದು ಖಾಯಂ ಕೆಲಸವಿದೆ: ಅರ್ಜಿ ಬರೆದುಕೊಡುವುದು. ನನ್ನನ್ನು ಕತೆಗಾರನೆಂದು ಬಲ್ಲವರಿಗಿಂತ ಅರ್ಜಿ ಬರೆಯುವವನೆಂದು ಬಲ್ಲವರೇ ಜಮಖಂಡಿಯಲ್ಲಿ ಹೆಚ್ಚು. ರೇಷನ್ ಕಾರ್ಡು, ವಿಧವಾ ವೇತನಗಳ ಜೊತೆಗೆ ಈಚೆಗೆ ಇನ್ನೊಂದು ಬಗೆಯ ಅರ್ಜಿ ಸೇರಿಕೊಂಡಿದೆ. ಅದರ ವಿಷಯ: ವೀಸಾ ಕೊಡಿಸುತ್ತೇನೆಂದು ಹಣ ಪಡೆದು ಮೋಸ ಮಾಡಿದ್ದು.

ಭಟ್ಕಳ, ಮಂಗಳೂರಿನ ಕಡೆಯವರಿಗೆ ಗಲ್ಫ್ ಹೊಸದಲ್ಲ. ಅಲ್ಲಿ ಮಾವನೋ ಅಣ್ಣನೋ ಮೊದಲೇ ಹೋಗಿರುತ್ತಾನೆ. ಕಂಪನಿ ಎಂಥದು, ಸಂಬಳ ಎಷ್ಟು ಎಂದು ವಿಚಾರಿಸಲು ಮನೆಯಲ್ಲೇ ಜನರಿರುತ್ತಾರೆ. ನಮ್ಮ ಕಡೆಯ ಕತೆ ಬೇರೆ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಕೂಲಿ ಸಾಲದೆ, ಮುಧೋಳದ ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ ಕೈ ಖಾಲಿಯಾಗಿ, ಬೀಳಗಿಯಲ್ಲಿ ಕೃಷ್ಣೆಯ ಹಿನ್ನೀರಿಗೆ ಹೊಲ ಕೊಟ್ಟು ಹೊರಡುವ ಹುಡುಗರಿಗೆ ಏಜೆಂಟನ ಮಾತೊಂದೇ ಆಧಾರ. ಆ ಏಜೆಂಟನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಆತ ನಮ್ಮವನೇ ಆಗಿರುತ್ತಾನೆ.

ಬನಹಟ್ಟಿಯಿಂದ ಬಂದ ಒಬ್ಬ ತಾಯಿಯ ವಿಷಯವೂ ಹೀಗೆಯೇ ಇತ್ತು. ಮಗ ಮಗ್ಗದ ಕೆಲಸದವ. ಬಂಗಾರ ಮಾರಿ ಒಂದು ಲಕ್ಷ ನಲವತ್ತು ಸಾವಿರ ಕೊಟ್ಟಿದ್ದರು. ಏಜೆಂಟ ಅವನನ್ನು ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸಿದ. ಅಲ್ಲಿ ಕೆಲಸವೂ ಇರಲಿಲ್ಲ, ಕರೆದುಕೊಳ್ಳಲು ಬಂದವರೂ ಇರಲಿಲ್ಲ. ಹುಡುಗ ಮೂರು ತಿಂಗಳಿಗೆ ಸಾಲ ಮಾಡಿ ವಾಪಸು ಬಂದ. ಅರ್ಜಿ ಯಾರಿಗೆ ಬರೆಯಲಿ ಆಪಾ ಎಂದರೆ ಆಕೆ ಹೇಳಿದ್ದು: "ಪೊಲೀಸರಿಗೆ ಬೇಡ ಭಾಯಿ. ಅವನಿಗೇ ಬರೀರಿ, ಓದಿದರೆ ನಾಚಿಕೆ ಆಗಬೇಕು, ಹಂಗ ಬರೀರಿ. ಅವನು ಅಳಿಯನ ಅಣ್ಣ. ಸ್ಟೇಷನ್ನಿಗೆ ಹೋದರೆ ನಮ್ಮ ಹುಡುಗಿಯ ಸಂಸಾರ ಉಳಿದೀತೇ?"

ಮೋಸಗಾರನಿಗೆ ನಮ್ಮಲ್ಲಿ ಸಿಗುವ ದೊಡ್ಡ ರಕ್ಷಣೆ ಇದೇ ಇಝ್ಝತ್ತು. ಕಾನೂನು ಇಲ್ಲವೆಂದೇನೂ ಅಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಯಾರೂ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವಂತಿಲ್ಲ. ನೋಂದಾಯಿತ ಏಜೆಂಟನೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಬೇಕು. ನೋಂದಾಯಿತರ ಪಟ್ಟಿಯನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರೂ ನೋಡಬಹುದು. ಕಾಯ್ದೆ ಮುರಿದವನಿಗೆ ಎರಡು ವರ್ಷದವರೆಗೆ ಜೈಲು; ದಂಡ ಮಾತ್ರ ಹೆಚ್ಚೆಂದರೆ ಎರಡು ಸಾವಿರ ರೂಪಾಯಿ. ಲಕ್ಷಗಟ್ಟಲೆ ನುಂಗಿದವನಿಗೆ ಇದು ದಂಡವೇ ಎಂದು ಕೇಳಬಹುದು. ಆದರೆ ವಂಚನೆಗೆ ಬೇರೆ ಕಲಮುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318(4)ರಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಅದಕ್ಕೆ ಮೊದಲು ನಡೆದ ಮೋಸಕ್ಕೆ ಹಳೆಯ 420 ಅನ್ವಯಿಸುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ನನ್ನ ಮನಸ್ಸಿಗೆ ತಟ್ಟಿದ್ದು ವಲಸೆ ಕಾಯ್ದೆಯ 27ನೇ ಕಲಂ. ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರಕಾರದ ಅನುಮತಿ ಬೇಕು. ಆದರೆ ನೊಂದವನು ತಾನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಒಡಹುಟ್ಟಿದವರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಇಂಥ ನೋವಿನಲ್ಲಿ ತಾಯಿ ಮಗನ ಬೆನ್ನಿಗೆ ನಿಲ್ಲುತ್ತಾಳೆಂದು ಕಾನೂನಿಗೆ ಗೊತ್ತಿದೆ. ನಾವೇ ಆಕೆಯನ್ನು ಸುಮ್ಮನಿರಿಸುತ್ತೇವೆ.

2024ರಲ್ಲಿ ಕಲಬುರಗಿ ಜಿಲ್ಲೆಯ ಯುವಕರು ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದಲ್ಲಿ ಸಿಕ್ಕಿಕೊಂಡಾಗ ಅವರ ಹೆತ್ತವರು ಸುಮ್ಮನೆ ಕೂರಲಿಲ್ಲ. ಊರೆಲ್ಲ ಕೇಳುವಂತೆ ಹೇಳಿಕೊಂಡರು. ಆ ಮಾರ್ಚ್‌ನಲ್ಲಿ ಸಿಬಿಐ ಇಂಥ ಏಜೆಂಟರ ಮೇಲೆ ಪ್ರಕರಣ ದಾಖಲಿಸಿತು. ಸೆಪ್ಟೆಂಬರಿನಲ್ಲಿ ಯುವಕರು ಮನೆಗೆ ಮರಳಿದರು.

ಕ್ರಿಮಿನಲ್ ಪ್ರಕರಣದಿಂದ ಶಿಕ್ಷೆಯಾದೀತು, ಹಣ ಕೈಗೆ ಬರುತ್ತದೆಂಬ ಭರವಸೆಯಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲೂಕಿನ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿಯಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಬನಹಟ್ಟಿಯ ಆಪಾ ಎರಡನೆಯ ಸಲ ಬಂದದ್ದು, ಅದೇ ಏಜೆಂಟ ಮುಧೋಳದಲ್ಲಿ ಮೂವರು ಹುಡುಗರ ಪಾಸ್‌ಪೋರ್ಟ್ ಇಸಿದುಕೊಂಡಿದ್ದಾನೆಂದು ಕೇಳಿದ ಮೇಲೆ. "ಅವರಿಗೂ ತಾಯಂದಿರು ಇದ್ದಾರಲ್ಲ ಭಾಯಿ" ಎಂದರು. ಈ ಸಲ ಅರ್ಜಿ ಠಾಣೆಗೇ ಹೋಯಿತು. ರಸೀದಿ ಒಂದೂ ಇರಲಿಲ್ಲ. ಫೋನಿನಲ್ಲಿ ಹಣ ಕಳಿಸಿದ ದಾಖಲೆ, ಅವನ ಧ್ವನಿ ಸಂದೇಶಗಳು ಮಾತ್ರ ಅಳಿಸದೆ ಉಳಿದಿದ್ದವು. ಅವೇ ಸಾಕ್ಷಿಯಾದವು. ಮುಧೋಳದ ಹುಡುಗರ ಪಾಸ್‌ಪೋರ್ಟ್ ಮರುವಾರವೇ ಮನೆ ಸೇರಿದವು. ಆಪಾರ ಹಣ ಇನ್ನೂ ಬಂದಿಲ್ಲ, ಕೇಸು ನಡೆದಿದೆ. ಮಗಳು ಗಂಡನ ಮನೆಯಲ್ಲೇ ಇದ್ದಾಳೆ. ಎರಡು ಈದ್ ಕಳೆದರೂ ಬೀಗರ ಮನೆಯಿಂದ ಸಲಾಮು ಬಂದಿಲ್ಲ.

ಕುರ್‌ಆನಿನ ಅತಿ ದೀರ್ಘ ಆಯತ್ ನಮಾಝಿನ ಬಗೆಗಲ್ಲ, ಉಪವಾಸದ ಬಗೆಗೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ ಎಂಬುದೇ ಅದರ ವಿಷಯ. ಅದನ್ನು ದಿನವೂ ಓದುವವರೇ 'ನಮ್ಮವನಲ್ಲವೇ, ಕಾಗದ ಯಾಕೆ?' ಎನ್ನುತ್ತೇವೆ. ನಮ್ಮವನಾದರೆ ಕಾಗದ ಬರೆದುಕೊಡಲು ಅವನಿಗೇನು ಅಡ್ಡಿ? ಮಗನನ್ನು ವಿದೇಶಕ್ಕೆ ಕಳಿಸುವ ತಂದೆತಾಯಿ ಮೊದಲು ಕೇಳಬೇಕಾದ ಪ್ರಶ್ನೆ ಇದು.